ನೂರು ದಿನ, ಐವತ್ತು ಸಾವಿರ ಸಹಿ: ಸ್ವಿಸ್ ಜನಮತಗಣನೆಯ ಒಳಹೊರಗು

ಸ್ವಿಟ್ಜರ್‌ಲ್ಯಾಂಡಿನ ನೇರ ಪ್ರಜಾಪ್ರಭುತ್ವದ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಆಯ್ದ ಕೆಲವಕ್ಕೆ ಈ ಸಲ ಉತ್ತರ. ಒಂದೇ ತೆರನಾದ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ಪ್ರಶ್ನೆ: ಅಲ್ಲಿ ಸಂಸತ್ತು ಮಾಡಿದ ಕಾನೂನೆಲ್ಲ ಜನರ ಮತಕ್ಕೆ ಹೋಗುತ್ತದೆಯೇ? ಯಾವುದು ಹೋಗಬೇಕೆಂದು ನಿರ್ಧರಿಸುವವರು ಯಾರು, ಪ್ರಧಾನಿಯೇ?

ಉತ್ತರ: ಪ್ರಧಾನಿ ಎಂಬ ಹುದ್ದೆಯೇ ಅಲ್ಲಿಲ್ಲ. ಏಳು ಮಂದಿಯ ಫೆಡರಲ್ ಕೌನ್ಸಿಲ್ ಸರ್ಕಾರ ನಡೆಸುತ್ತದೆ. ಆ ಏಳು ಮಂದಿಗೆ, ಅಷ್ಟೇಕೆ ಸಂಸತ್ತಿಗೂ, ತಮಗೆ ತೋಚಿದಾಗ ಜನಮತಗಣನೆ ಕರೆಯುವ ಅಧಿಕಾರವಿಲ್ಲ. ಹೊರಗಿನವರು ಹೆಚ್ಚಾಗಿ ತಪ್ಪು ತಿಳಿಯುವುದು ಇದನ್ನೇ. ಯುರೋಪಿಯನ್ ಒಕ್ಕೂಟವನ್ನು ಬಿಡಬೇಕೆ ಎಂದು 2016ರಲ್ಲಿ ಬ್ರಿಟನ್ನಿನಲ್ಲಿ ಕೇಳಿದ್ದು ಆಡಳಿತ ಪಕ್ಷ ತಾನಾಗಿ ಜನರ ಮುಂದಿಟ್ಟ ಪ್ರಶ್ನೆ. ಕಾನೂನಿನ ಲೆಕ್ಕದಲ್ಲಿ ಅದರ ಫಲಿತಾಂಶ ಬರೀ ಸಲಹೆ. ಸ್ವಿಸ್ ವ್ಯವಸ್ಥೆಯಲ್ಲಿ ಮತದಾನ ಯಾವಾಗ ಆಗಲೇಬೇಕು, ಯಾವಾಗ ಆಗಬಹುದು ಎಂಬುದನ್ನು ಸಂವಿಧಾನವೇ ಬರೆದಿಟ್ಟಿದೆ. ಫಲಿತಾಂಶಕ್ಕೆ ಸರ್ಕಾರವೂ ಬದ್ಧ, ಸಂಸತ್ತೂ ಬದ್ಧ.

ದಾರಿಗಳು ಮೂರು. ಸಂವಿಧಾನದ ಒಂದು ಸಾಲು ತಿದ್ದಿದರೂ ಮತದಾನ ಕಡ್ಡಾಯ. ಸಾಮೂಹಿಕ ಭದ್ರತಾ ಕೂಟವನ್ನೋ ರಾಷ್ಟ್ರಗಳ ಮೇಲಿನ ಒಕ್ಕೂಟವನ್ನೋ ಸೇರುವುದಿದ್ದರೂ ಅಷ್ಟೇ. ಇದು 1848ರ ಸಂವಿಧಾನದಿಂದಲೇ ಬಂದ ಬಗೆ. ಎರಡನೆಯದು ಐಚ್ಛಿಕ ಜನಮತಗಣನೆ, 1874ರದು: ಸಂಸತ್ತು ಒಪ್ಪಿದ ಯಾವುದೇ ಕಾನೂನನ್ನು 50,000 ಮತದಾರರು ಅಥವಾ 8 ಕ್ಯಾಂಟನ್‌ಗಳು (ಸ್ವಿಸ್ ಒಕ್ಕೂಟದ ರಾಜ್ಯಗಳು) ತಡೆಹಿಡಿದು ಮತಕ್ಕೆ ಎಳೆದು ತರಬಹುದು. ಮೂರನೆಯದು 1891ರ ಜನಪ್ರಸ್ತಾವ, ಅಲ್ಲಿಯವರ ಮಾತಿನಲ್ಲಿ ಇನಿಶಿಯೇಟಿವ್: 1,00,000 ಸಹಿ ಕೂಡಿಸಿದರೆ ಸಂವಿಧಾನಕ್ಕೆ ಹೊಸ ವಿಧಿಯನ್ನು ಜನರೇ ಸೂಚಿಸಬಹುದು. ಒಕ್ಕೂಟದ ವಾರ್ಷಿಕ ಬಜೆಟ್ಟಿಗೆ ಮಾತ್ರ ಈ ಯಾವ ಕುಣಿಕೆಯೂ ಇಲ್ಲ.

ಹಾಗೆಂದು ಎಲ್ಲ ಕಾನೂನೂ ಮತಪೆಟ್ಟಿಗೆಗೆ ಹೋಗುವುದಿಲ್ಲ. ತಡೆಹಿಡಿಯಲು ಅವಕಾಶವಿರುವ ನೂರು ಕಾನೂನುಗಳಲ್ಲಿ ಹತ್ತಕ್ಕೂ ಕಡಿಮೆ ಅಲ್ಲಿಗೆ ತಲುಪುತ್ತವೆ. ಉಳಿದವು ಸುಮ್ಮನೆ ಪಾರಾಗುವುದಕ್ಕೆ ಕಾರಣವಿದೆ. ಕರಡು ಸಿದ್ಧವಾದ ಕೂಡಲೇ ಕ್ಯಾಂಟನ್‌, ಪಕ್ಷ, ಕಾರ್ಮಿಕ ಸಂಘಟನೆ, ಉದ್ಯಮಿಗಳ ಒಕ್ಕೂಟ ಎಲ್ಲರಿಗೂ ಅದನ್ನು ಕಳಿಸಿ, ಕನಿಷ್ಠ ಮೂರು ತಿಂಗಳು ಅಭಿಪ್ರಾಯ ಕೇಳಲಾಗುತ್ತದೆ. 50,000 ಸಹಿ ತರುವ ತಾಕತ್ತು ಯಾರಿಗಿದೆ ಎನ್ನುವುದು ಸಂಸತ್ತಿರುವ ಬರ್ನ್‌ನಲ್ಲಿ ಕಾನೂನು ಬರೆಯುವವರಿಗೆಲ್ಲ ಗೊತ್ತು. ಅಂಥವರ ತಕರಾರನ್ನು ಕರಡಿನಲ್ಲೇ ಇತ್ಯರ್ಥ ಮಾಡಿಬಿಡುತ್ತಾರೆ. ನಮ್ಮ ಪ್ರಕಾರ ಜನಮತಗಣನೆಯ ನಿಜವಾದ ಕೆಲಸ ನಡೆಯುವುದು ಅಲ್ಲಿ. ಭಾನುವಾರದ ಮತದಾನ ಎಲ್ಲರ ಕಣ್ಣಿಗೆ ಬೀಳುವ ಭಾಗ, ಅಷ್ಟೇ.

ಪ್ರಶ್ನೆ: ಒಂದು ಕಾನೂನನ್ನು ತಡೆಯಲು ಸಹಿ ಸಂಗ್ರಹ ಮಾಡುವುದು ಹೇಗೆ? ಹಂತ ಹಂತವಾಗಿ ತಿಳಿಸಿ. ಎಲ್ಲಿ ಎಡವುತ್ತಾರೆ?

ಉತ್ತರ: ಸಂಸತ್ತು ಒಪ್ಪಿದ ಕಾನೂನು ಒಕ್ಕೂಟದ ಗೆಜೆಟ್ಟಿನಲ್ಲಿ ಅಚ್ಚಾದ ದಿನದಿಂದ ಗಡಿಯಾರ ಓಡತೊಡಗುತ್ತದೆ. ಅಲ್ಲಿಂದ 100 ದಿನ. ರಜೆಯಿರಲಿ, ಹಿಮ ಬೀಳಲಿ, ಒಂದು ದಿನವೂ ಹೆಚ್ಚಿಗೆ ಸಿಗುವುದಿಲ್ಲ. (2020ರ ಮಾರ್ಚ್ 21ರಿಂದ ಮೇ 31ರವರೆಗೆ ಕೋವಿಡ್ ಕಾರಣಕ್ಕೆ ಸರ್ಕಾರ ಈ ಗಡುವುಗಳನ್ನು ನಿಲ್ಲಿಸಿತ್ತು, ಅದೊಂದು ಅಪವಾದ.)

ಸಹಿ ಹಾಳೆಗೆ ಒಂದು ವಿಚಿತ್ರ ನಿಯಮವಿದೆ: ಒಂದು ಹಾಳೆಯಲ್ಲಿ ಒಂದೇ ಕಮ್ಯೂನಿನ ಮತದಾರರು ಇರಬೇಕು. ಕಮ್ಯೂನ್ ಎಂದರೆ ಅತಿ ಕೆಳಗಿನ ಸ್ಥಳೀಯ ಆಡಳಿತ. ಮತದಾರರ ಪಟ್ಟಿ ಇರುವುದು ಅದರ ಬಳಿಯೇ ಆದ್ದರಿಂದ, ಸಹಿ ಅಸಲಿಯೋ ಅಲ್ಲವೋ ಎಂದು ತಾಳೆ ನೋಡುವುದೂ ಅದರ ಕೆಲಸ. ಜ್ಯೂರಿಕ್ ರೈಲು ನಿಲ್ದಾಣದೆದುರು ಹಲಗೆ ಹಿಡಿದು ನಿಂತವರ ಮುಂದೆ ಹತ್ತಾರು ಕಮ್ಯೂನಿನ ಜನ ಹಾದುಹೋಗುತ್ತಾರೆ. ಹಾಗಾಗಿ ಅವರು ಮೊದಲು ಕೇಳುವುದು ‘ಯಾವ ಕಮ್ಯೂನ್?’ ಎಂದು; ಆಮೇಲೆ ಆ ಕಮ್ಯೂನಿನ ಹಾಳೆಯನ್ನು ಮುಂದಿಡುತ್ತಾರೆ. ಹಾಳೆಯಲ್ಲಿ ಹೆಸರು, ಹುಟ್ಟಿದ ದಿನಾಂಕ, ವಿಳಾಸ, ಸಹಿ ಇರಬೇಕು. ಹೆಸರನ್ನೂ ಸಹಿಯನ್ನೂ ಮತದಾರ ತನ್ನ ಕೈಯಿಂದಲೇ, ಓದುವಂತೆ ಬರೆಯಬೇಕು. ಮನೆಯೊಡೆಯನೊಬ್ಬನೇ ಕೂತು ಹೆಂಡತಿ ಮಕ್ಕಳ ಹೆಸರನ್ನೂ ತುಂಬಿಬಿಟ್ಟರೆ ಅವು ರದ್ದಾಗುತ್ತವೆ. ಕಾಯಿಲೆಯಿಂದಲೋ ಅಂಗವೈಕಲ್ಯದಿಂದಲೋ ಬರೆಯಲಾಗದವರು ತಾವು ನಂಬುವ ಇನ್ನೊಬ್ಬ ಮತದಾರರಿಂದ ಬರೆಸಬಹುದು.

ಸಹಿ ಹೆಚ್ಚು ನಷ್ಟವಾಗುವ ಇನ್ನೊಂದು ಕಡೆಯೆಂದರೆ ಪೌರತ್ವ. ದೇಶದ ಜನಸಂಖ್ಯೆಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಮಂದಿ ವಿದೇಶಿ ಪೌರರು. ಅಲ್ಲೇ ಹುಟ್ಟಿ ಬೆಳೆದಿದ್ದರೂ ಒಕ್ಕೂಟದ ಮಟ್ಟದಲ್ಲಿ ಅವರಿಗೆ ಮತವಿಲ್ಲ, ಅವರ ಸಹಿಗೂ ಬೆಲೆಯಿಲ್ಲ. ತಿಂಗಳ ಹಿಂದೆ ಸಹಿ ಹಾಕಿದ್ದನ್ನು ಮರೆತು ಮತ್ತೊಮ್ಮೆ ಹಾಕಿದವರು, ಮನೆ ಬದಲಿಸಿ ಹಳೆಯ ವಿಳಾಸ ಬರೆದವರು, ಇವರದ್ದೂ ಕಳೆಯುತ್ತದೆ. ಆದ್ದರಿಂದ 50,000 ಬೇಕಿದ್ದರೆ 55,000ಕ್ಕೂ ಮೇಲೆ ಕೂಡಿಸಿಕೊಳ್ಳುವುದು ಜಾಣತನ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬೀಳುವುದು ಸಮಯದ ಲೆಕ್ಕದಲ್ಲಿ. ಸಹಿ ಹಾಕಿಸುವುದಷ್ಟೇ ಅಲ್ಲ, ಕಮ್ಯೂನುಗಳು ದೃಢೀಕರಿಸಿ ವಾಪಸು ಕೊಟ್ಟ ಹಾಳೆಗಳನ್ನು ಬರ್ನ್‌ನ ಫೆಡರಲ್ ಚಾನ್ಸೆಲರಿ ಎಂಬ ಸರ್ಕಾರಿ ಕಚೇರಿಗೆ ಒಪ್ಪಿಸುವುದೂ ಆ 100 ದಿನದೊಳಗೇ ಮುಗಿಯಬೇಕು. ದೇಶದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಮ್ಯೂನುಗಳಿವೆ. ಅನುಭವಸ್ಥ ಸಂಘಟನೆಗಳು ಹಾಳೆಗಳನ್ನು ವಾರವಾರವೂ ಕಳಿಸುತ್ತ ಹೋಗುತ್ತವೆ, ಕೊನೆಯ ಎರಡು ಮೂರು ವಾರವನ್ನು ದೃಢೀಕರಣಕ್ಕೇ ಬಿಟ್ಟಿರುತ್ತವೆ. 2012ರಲ್ಲಿ ಜರ್ಮನಿ ಮತ್ತು ಬ್ರಿಟನ್ ಜೊತೆಗಿನ ತೆರಿಗೆ ಒಪ್ಪಂದಗಳನ್ನು ತಡೆಯಹೊರಟವರು ಸ್ವಲ್ಪದರಲ್ಲಿ ಸೋತರು. ಕಮ್ಯೂನುಗಳಿಂದ ಹಾಳೆ ಬರುವುದು ತಡವಾಯಿತೆಂದು ಫೆಡರಲ್ ನ್ಯಾಯಾಲಯದವರೆಗೂ ಹೋದರು; ಉಪಯೋಗವಾಗಲಿಲ್ಲ.

ಸಹಿ ಕೂಡಿಸುವವರಿಗೆ ತಲೆಗಿಷ್ಟೆಂದು ಕೂಲಿ ಕೊಡುವುದು ಒಕ್ಕೂಟದ ಕಾನೂನಿನಲ್ಲಿ ನಿಷಿದ್ಧವಲ್ಲ. ಸಹಿ ಹಾಕುವವರಿಗೆ ಹಣ ಕೊಡುವುದು ಅಪರಾಧ. ಈ ಎರಡರ ನಡುವಿನ ಸಂದಿನಲ್ಲೇ 2024ರಲ್ಲಿ ನಕಲಿ ಸಹಿಗಳ ಹಗರಣ ಹೊರಬಿತ್ತು. ಫೆಡರಲ್ ಚಾನ್ಸೆಲರಿ ಒಕ್ಕೂಟದ ಅಟಾರ್ನಿ ಜನರಲ್ ಕಚೇರಿಗೆ ದೂರು ಕೊಟ್ಟಿದೆ. ತಲೆಲೆಕ್ಕದ ಕೂಲಿ ಇರುವಲ್ಲಿ ಕಳ್ಳ ಸಹಿ ಹುಟ್ಟದೆ ಇರುತ್ತದೆಯೇ?

ಪ್ರಶ್ನೆ: ತುರ್ತು ಕಾನೂನಿಗೂ 100 ದಿನ ಕಾಯಬೇಕೆ?

ಉತ್ತರ: ಇಲ್ಲ. ಎರಡೂ ಸದನಗಳಲ್ಲಿ ಒಟ್ಟು ಸದಸ್ಯರ ಬಹುಮತ ಸಿಕ್ಕರೆ ಕಾನೂನು ಕೂಡಲೇ ಜಾರಿಯಾಗುತ್ತದೆ. ಸಹಿ ಕೂಡಿಸಿ ಕೇಳಿದರೆ ಮತದಾನ ಆಮೇಲೆ. ಜನ ಒಪ್ಪದಿದ್ದರೆ ಸಂಸತ್ತು ಅಂಗೀಕರಿಸಿದ ಒಂದು ವರ್ಷಕ್ಕೆ ಅದು ಬಿದ್ದುಹೋಗುತ್ತದೆ. ಕೋವಿಡ್ ಕಾನೂನು 2020ರ ಸೆಪ್ಟೆಂಬರಿನಲ್ಲಿ ಹೀಗೆ ಜಾರಿಯಾದದ್ದು. ಅದರ ಮೇಲೆ ಮೂರು ಸಲ ಮತದಾನವಾಯಿತು: 2021ರ ಜೂನ್, ಅದೇ ವರ್ಷದ ನವೆಂಬರ್, 2023ರ ಜೂನ್. ಮೂರರಲ್ಲೂ ಶೇ 60ಕ್ಕೂ ಹೆಚ್ಚು ಮಂದಿ ಒಪ್ಪಿದರು.

ಪ್ರಶ್ನೆ: ‘ಜನರೂ ಒಪ್ಪಬೇಕು, ಕ್ಯಾಂಟನ್‌ಗಳೂ ಒಪ್ಪಬೇಕು’ ಎಂದು ಓದಿದ್ದೇನೆ. ಕ್ಯಾಂಟನ್ ಒಪ್ಪುವುದು ಎಂದರೇನು? ಅಲ್ಲಿನ ಶಾಸಕಾಂಗ ಬೇರೆ ಮತ ಹಾಕುತ್ತದೆಯೇ?

ಉತ್ತರ: ಇಲ್ಲ, ಅದೇ ಮತಗಳನ್ನು ಎರಡು ಸಲ ಎಣಿಸುತ್ತಾರೆ. ಮೊದಲು ಇಡೀ ದೇಶದ್ದು, ಆಮೇಲೆ ಕ್ಯಾಂಟನ್ ಲೆಕ್ಕದಲ್ಲಿ. ಒಂದು ಕ್ಯಾಂಟನಿನಲ್ಲಿ ಹೌದು ಎಂದವರು ಹೆಚ್ಚಿದ್ದರೆ ಆ ಕ್ಯಾಂಟನಿನ ಮತ ಹೌದು. ಕ್ಯಾಂಟನ್‌ಗಳು 26 ಇದ್ದರೂ ಮತ 23 ಮಾತ್ರ. ಒಬ್ವಾಲ್ಡೆನ್, ನಿಡ್ವಾಲ್ಡೆನ್, ಬಾಸೆಲ್ ನಗರ, ಬಾಸೆಲ್ ಗ್ರಾಮಾಂತರ, ಅಪೆನ್‌ಜೆಲ್‌ನ ಎರಡು ಭಾಗಗಳು ಈ ಆರಕ್ಕೆ ಅರ್ಧರ್ಧ ಮತ. ಗೆಲ್ಲಲು 12 ಬೇಕು. ಹನ್ನೊಂದೂವರೆಗೆ ಹನ್ನೊಂದೂವರೆ ಆದರೆ ಸೋಲು.

ಎರಡು ಬಹುಮತ ಬೇಕಿರುವುದು ಸಂವಿಧಾನ ತಿದ್ದುಪಡಿಗೆ, ಅಂದರೆ ಕಡ್ಡಾಯ ಜನಮತಗಣನೆಗೂ ಜನಪ್ರಸ್ತಾವಕ್ಕೂ. ಸಾಮಾನ್ಯ ಕಾನೂನನ್ನು ತಡೆಹಿಡಿದು ಮತಕ್ಕೆ ಹಾಕಿದಾಗ ಜನರ ಬಹುಮತವೊಂದೇ ಸಾಕು. ಈ ವ್ಯತ್ಯಾಸವನ್ನು ಪತ್ರಿಕೆಗಳೂ ಆಗಾಗ ಕಲಸಿಬಿಡುತ್ತವೆ.

ಈ ಲೆಕ್ಕ ಎಷ್ಟು ವಾಲಿಕೊಂಡಿದೆ ಎನ್ನುವುದಕ್ಕೆ ಎರಡು ಅಂಕಿ ನೋಡಿ. ಊರಿ ಕ್ಯಾಂಟನಿನ ಜನಸಂಖ್ಯೆ ಸುಮಾರು 37,000, ಅದಕ್ಕೆ ಪೂರ್ಣ ಒಂದು ಮತ. ಜ್ಯೂರಿಕ್‌ನಲ್ಲಿ 15 ಲಕ್ಷಕ್ಕೂ ಹೆಚ್ಚು ಜನ, ಅದಕ್ಕೂ ಒಂದೇ. ಬಾಸೆಲ್ ನಗರದಲ್ಲಿ ಸುಮಾರು ಎರಡು ಲಕ್ಷ ಜನರಿದ್ದೂ ಅರ್ಧ ಮತ. ಕ್ಯಾಂಟನ್ ಲೆಕ್ಕದಲ್ಲಿ ಊರಿಯ ಒಬ್ಬನ ತೂಕ ಜ್ಯೂರಿಕ್‌ನ ನಲವತ್ತು ಮಂದಿಯ ತೂಕ. 1848ರಲ್ಲಿ ಸಣ್ಣ ಕ್ಯಾಂಟನ್‌ಗಳು, ಅದರಲ್ಲೂ ಆಗಷ್ಟೇ ಅಂತರ್ಯುದ್ಧದಲ್ಲಿ ಸೋತಿದ್ದ ಕ್ಯಾಥೊಲಿಕ್ ಕ್ಯಾಂಟನ್‌ಗಳು, ದೊಡ್ಡವರ ಕೈಕೆಳಗೆ ಬೀಳುವ ಭಯ ಬಿಟ್ಟು ಒಕ್ಕೂಟದಲ್ಲಿ ಇರಬೇಕಾದರೆ ಇಂಥದ್ದೊಂದು ಖಾತರಿ ಬೇಕಿತ್ತು. ಆ ಭಯ ಕರಗಿ ಹೋದರೂ ಖಾತರಿ ಉಳಿದಿದೆ. ಅದನ್ನು ತೆಗೆಯಬೇಕಾದರೂ ಕ್ಯಾಂಟನ್‌ಗಳ ಬಹುಮತ ಬೇಕಲ್ಲ!

ಸಾಮಾನ್ಯವಾಗಿ ಎರಡೂ ಲೆಕ್ಕ ಒಂದೇ ಕಡೆ ಬೀಳುತ್ತವೆ. ಬೀಳದಿದ್ದಾಗ ಗದ್ದಲ. ಸ್ವಿಸ್ ಕಂಪನಿಗಳು ಹೊರದೇಶದಲ್ಲಿ ಮಾಡುವ ಹಾನಿಗೆ ಸ್ವದೇಶದಲ್ಲೇ ಹೊಣೆಯಾಗಬೇಕು ಎಂಬ ಜನಪ್ರಸ್ತಾವಕ್ಕೆ 2020ರ ನವೆಂಬರ್ 29ರಂದು ಶೇ 50.7 ಮಂದಿ ಹೌದು ಎಂದರು. ಕ್ಯಾಂಟನ್ ಲೆಕ್ಕದಲ್ಲಿ ಎಂಟೂವರೆಗೆ ಹದಿನಾಲ್ಕೂವರೆ, ಬಿದ್ದುಹೋಯಿತು. ಜನ ಒಪ್ಪಿಯೂ ಜನಪ್ರಸ್ತಾವ ಸೋತದ್ದು ಅದಕ್ಕೆ ಮುಂಚೆ 1955ರಲ್ಲಿ ಒಮ್ಮೆ ಮಾತ್ರ. ವಿಶ್ವಸಂಸ್ಥೆ ಸೇರುವ ಪ್ರಸ್ತಾವವಂತೂ ಕೂದಲೆಳೆಯಲ್ಲಿ ಉಳಿಯಿತು: 1986ರಲ್ಲಿ ಶೇ 75.7 ಮಂದಿ ಬೇಡವೆಂದಿದ್ದರು, 2002ರ ಮಾರ್ಚ್ 3ರಂದು ಶೇ 54.6 ಮಂದಿ ಸರಿಯೆಂದರು, ಕ್ಯಾಂಟನ್ ಮತ ಬಂದದ್ದು ಸರಿಯಾಗಿ 12.

ಪ್ರಶ್ನೆ: ಜನಪ್ರಸ್ತಾವ ಸಹಿ ಕೂಡಿದ ಮೇಲೆ ಎಷ್ಟು ದಿನಕ್ಕೆ ಮತಕ್ಕೆ ಬರುತ್ತದೆ? ಹೆಚ್ಚಿನವು ಸೋಲುತ್ತವಂತೆ, ಮತ್ತೇಕೆ ಅಷ್ಟು ಕಷ್ಟಪಡುತ್ತಾರೆ?

ಉತ್ತರ: ದಿನಗಳಲ್ಲ, ವರ್ಷಗಳು. ಮೊದಲು 7ರಿಂದ 27 ಮತದಾರರ ಸಮಿತಿಯೊಂದು ಆಗಬೇಕು. ಅದು ಬರೆದ ಪಠ್ಯವನ್ನು ಫೆಡರಲ್ ಚಾನ್ಸೆಲರಿ ನೋಡುತ್ತದೆ. ಶೀರ್ಷಿಕೆ ದಾರಿತಪ್ಪಿಸುವಂತಿದ್ದರೆ ಬದಲಿಸುತ್ತದೆ, ಭಾಷಾಂತರಗಳನ್ನು ತಾಳೆ ನೋಡುತ್ತದೆ. ಗೆಜೆಟ್ಟಿನಲ್ಲಿ ಪ್ರಕಟವಾದ ಮೇಲೆ ಸಹಿಗೆ 18 ತಿಂಗಳು. ಸಹಿ ಒಪ್ಪಿಸಿದ ಮೇಲೆ ಸರ್ಕಾರ ತನ್ನ ನಿಲುವು ತಿಳಿಸಲು ಒಂದು ವರ್ಷ ತೆಗೆದುಕೊಳ್ಳಬಹುದು, ಸಂಸತ್ತಿಗೆ ಒಟ್ಟು 30 ತಿಂಗಳಿದೆ, ಅದನ್ನೂ ವಿಸ್ತರಿಸಬಹುದು. ಸಂಸತ್ತು ಮುಗಿಸಿದ ಮೇಲೆ ಹತ್ತು ತಿಂಗಳೊಳಗೆ ಮತದಾನ. ಮೊದಲ ಸಹಿಯಿಂದ ಲೆಕ್ಕ ಹಾಕಿದರೆ ನಾಲ್ಕು ಐದು ವರ್ಷ ಹಿಡಿಯುವುದು ಮಾಮೂಲು. ಹೋರಾಟ ಶುರುಮಾಡಿದ ದಿನ ಹೊತ್ತಿ ಉರಿಯುತ್ತಿದ್ದ ವಿಷಯ ಮತದಾನದ ದಿನಕ್ಕೆ ತಣ್ಣಗಾಗಿರುವುದೂ ಉಂಟು.

ಮತಕ್ಕೆ ಬಂದವುಗಳಲ್ಲಿ ಗೆಲ್ಲುವುದು ಸುಮಾರು ಹತ್ತರಲ್ಲೊಂದು. ದುಡಿಯುವವರಿಗೆಲ್ಲ ಆರು ವಾರ ರಜೆ ಕೊಡಿ ಎಂದು 2012ರಲ್ಲಿ ಕೇಳಿದಾಗ ಶೇ 66.5 ಮಂದಿ ಬೇಡವೆಂದರು. ಆದರೆ ಸೋಲುಗೆಲುವಿನ ಲೆಕ್ಕ ಪೂರ್ತಿ ಕತೆ ಹೇಳುವುದಿಲ್ಲ. 1,00,000 ಸಹಿ ಕೈಯಲ್ಲಿದ್ದವರ ಜೊತೆ ಸಂಸತ್ತು ಚೌಕಾಶಿಗೆ ಕೂರುತ್ತದೆ. ಅವರ ಬೇಡಿಕೆಯ ಅರ್ಧವನ್ನು ಒಪ್ಪಿ ಕಾನೂನೊಂದನ್ನು ಮಾಡಿದರೆ ಸಮಿತಿ ಪ್ರಸ್ತಾವವನ್ನು ಹಿಂದಕ್ಕೆ ಪಡೆಯಬಹುದು. ಸಹಿ ಹಾಳೆಯಲ್ಲೇ ಹಿಂಪಡೆಯುವ ಷರತ್ತು ಇರುತ್ತದೆ. ಇಲ್ಲವೇ ಸಂಸತ್ತು ಸಂವಿಧಾನಕ್ಕೇ ಪ್ರತಿಪ್ರಸ್ತಾವ ಮಂಡಿಸಬಹುದು. ಆಗ ಮತಪತ್ರದಲ್ಲಿ ಮೂರು ಪ್ರಶ್ನೆ: ಜನಪ್ರಸ್ತಾವ ಬೇಕೆ, ಪ್ರತಿಪ್ರಸ್ತಾವ ಬೇಕೆ, ಎರಡೂ ಗೆದ್ದರೆ ಯಾವುದು? ಎರಡಕ್ಕೂ ಹೌದು ಎನ್ನುವ ಅವಕಾಶ ಸಿಕ್ಕಿದ್ದು 1987ರಲ್ಲಿ. ಅಲ್ಲಿಯವರೆಗೆ ಬದಲಾವಣೆ ಬೇಕೆನ್ನುವವರ ಮತ ಎರಡು ಕಡೆ ಹಂಚಿಹೋಗಿ, ಏನೂ ಬೇಡವೆನ್ನುವವರು ಕೂತಲ್ಲೇ ಗೆಲ್ಲುತ್ತಿದ್ದರು.

ಪ್ರಶ್ನೆ: ಮತ ಹಾಕುವ ರೀತಿ ಹೇಗೆ? ಮತಗಟ್ಟೆಯ ಮುಂದೆ ಸಾಲು ಇರುತ್ತದೆಯೇ?

ಉತ್ತರ: ಹೆಚ್ಚಿನವರ ಮತಗಟ್ಟೆ ಅಂಚೆಪೆಟ್ಟಿಗೆ. ವರ್ಷದಲ್ಲಿ ನಾಲ್ಕು ಭಾನುವಾರಗಳನ್ನು ಬಹಳ ಮುಂಚೆಯೇ ಗೊತ್ತುಮಾಡಿರುತ್ತಾರೆ. ಯಾವ ಭಾನುವಾರ ಯಾವ ವಿಷಯ ಎಂದು ಕನಿಷ್ಠ ನಾಲ್ಕು ತಿಂಗಳು ಮುಂಚೆ ತಿಳಿಸುತ್ತಾರೆ. ಮತದಾನಕ್ಕೆ ಮೂರರಿಂದ ನಾಲ್ಕು ವಾರ ಇರುವಾಗ ಮನೆಗೆ ಲಕೋಟೆ ಬರುತ್ತದೆ. ಅದರಲ್ಲಿ ಮತದಾರ ಚೀಟಿ, ಮತಪತ್ರಗಳು, ಒಂದು ಸಣ್ಣ ಲಕೋಟೆ, ಒಂದು ಕೆಂಪು ಪುಸ್ತಿಕೆ. ಪುಸ್ತಿಕೆಯಲ್ಲಿ ವಿಷಯದ ವಿವರಣೆ, ಸರ್ಕಾರದ ಮತ್ತು ಸಂಸತ್ತಿನ ನಿಲುವು, ವಿರೋಧಿ ಸಮಿತಿಯೇ ಬರೆದ ವಾದ, ಮತಕ್ಕೆ ಬಿದ್ದಿರುವ ಪಠ್ಯದ ಪೂರ್ಣರೂಪ ಎಲ್ಲ ಇರುತ್ತವೆ. ಜರ್ಮನ್, ಫ್ರೆಂಚ್, ಇಟಾಲಿಯನ್, ರೋಮಾಂಶ್ ನಾಲ್ಕರಲ್ಲೂ ಅಚ್ಚಾಗುತ್ತದೆ.

ಪ್ರಶ್ನೆಯ ಪಕ್ಕದ ಚೌಕದಲ್ಲಿ ಹೌದು ಅಥವಾ ಇಲ್ಲ ಎಂದು ಕೈಯಲ್ಲಿ ಬರೆದು, ಮತಪತ್ರವನ್ನು ಸಣ್ಣ ಲಕೋಟೆಯೊಳಗಿಟ್ಟು ಮುಚ್ಚಬೇಕು. ಮತದಾರ ಚೀಟಿಗೆ ಸಹಿ ಮಾಡಿ, ಎರಡನ್ನೂ ದೊಡ್ಡ ಲಕೋಟೆಗೆ ಹಾಕಿ ಕಳಿಸಬೇಕು. ಅತಿ ಹೆಚ್ಚು ಮತ ಹಾಳಾಗುವುದು ಚೀಟಿಗೆ ಸಹಿ ಮರೆತದ್ದರಿಂದ. ಆಮೇಲಿನದು ಗಂಡ ಹೆಂಡತಿ ಇಬ್ಬರ ಮತವನ್ನೂ ಒಂದೇ ಲಕೋಟೆಯಲ್ಲಿ ತುರುಕುವುದು. ಮೂರನೆಯದು ಅಂಚೆ: ಅಗ್ಗದ ದರದ ಅಂಚೆಗೆ ಮೂರು ಕೆಲಸದ ದಿನ ಹಿಡಿಯುತ್ತದೆ, ಶುಕ್ರವಾರ ಹಾಕಿದ್ದು ಭಾನುವಾರಕ್ಕೆ ತಲುಪುವುದಿಲ್ಲ. ತಡವಾದವರು ಕಮ್ಯೂನ್ ಕಚೇರಿಯ ಪೆಟ್ಟಿಗೆಗೆ ತಾವೇ ಹಾಕುವುದೋ, ಭಾನುವಾರ ಮಧ್ಯಾಹ್ನ 12ರೊಳಗೆ ಮತಗಟ್ಟೆಗೆ ಹೋಗುವುದೋ ಮಾಡಬೇಕು. ವಿವರಗಳು ಕ್ಯಾಂಟನಿನಿಂದ ಕ್ಯಾಂಟನಿಗೆ ಸ್ವಲ್ಪ ಬೇರೆ.

ಖಾಲಿ ಮತಪತ್ರವೂ ಕುಲಗೆಟ್ಟದ್ದೂ ಬಹುಮತದ ಲೆಕ್ಕಕ್ಕೆ ಬರುವುದಿಲ್ಲ.

ಪ್ರಶ್ನೆ: ಅರ್ಧದಷ್ಟು ಜನವೂ ಮತ ಹಾಕುವುದಿಲ್ಲವಂತೆ. ಅಂಥ ಫಲಿತಾಂಶಕ್ಕೆ ಬೆಲೆಯಿದೆಯೇ?

ಉತ್ತರ: ಸರಾಸರಿ ಶೇ 45ರ ಆಸುಪಾಸು, ನಿಜ. ಕನಿಷ್ಠ ಮತದಾನದ ಷರತ್ತೂ ಇಲ್ಲ. ಆದರೆ ಪ್ರತಿ ಸಲವೂ ಬರುವವರು ಅವರೇ ಅಲ್ಲ. ವಿಷಯ ನೋಡಿಕೊಂಡು ಬರುವವರು ಬಹಳ. ಯುರೋಪಿಯನ್ ಆರ್ಥಿಕ ವಲಯ ಸೇರಬೇಕೆ ಎಂದು 1992ರ ಡಿಸೆಂಬರ್ 6ರಂದು ಕೇಳಿದಾಗ ಶೇ 78.7 ಮಂದಿ ಮತ ಹಾಕಿದರು, ಶೇ 50.3 ಮಂದಿ ಬೇಡವೆಂದರು. ಶಾಫ್‌ಹೌಸೆನ್ ಕ್ಯಾಂಟನಿನಲ್ಲಿ ಮಾತ್ರ ಮತದಾನ ಕಡ್ಡಾಯ. ತಪ್ಪಿಸಿದರೆ 6 ಫ್ರಾಂಕ್ ದಂಡ. ದಂಡ ಸಣ್ಣದಾದರೂ ಅಲ್ಲಿನ ಮತದಾನ ಪ್ರಮಾಣ ಉಳಿದ ಕಡೆಗಿಂತ ಮೇಲೇ ಇರುತ್ತದೆ.

ಪ್ರಶ್ನೆ: ಸರ್ಕಾರವೇ ತಪ್ಪು ಅಂಕಿಅಂಶ ಕೊಟ್ಟು ಜನರ ಮತ ಪಡೆದರೆ?

ಉತ್ತರ: ಹಾಗೆ ಆಗಿದೆ. ಮದುವೆಯಾದ ಜೋಡಿಗಳ ಮೇಲೆ ಬೀಳುವ ಹೆಚ್ಚುವರಿ ತೆರಿಗೆಯನ್ನು ತೆಗೆಯಬೇಕೆಂಬ ಜನಪ್ರಸ್ತಾವ 2016ರ ಫೆಬ್ರುವರಿ 28ರಂದು ಸೋತಿತು: ಶೇ 50.8 ಮಂದಿ ವಿರುದ್ಧ. ಇಬ್ಬರೂ ದುಡಿಯುವ ಸುಮಾರು 80,000 ಜೋಡಿಗಳಿಗೆ ತೊಂದರೆಯಾಗುತ್ತಿದೆ ಎಂದು ಸರ್ಕಾರ ಆಗ ಹೇಳಿತ್ತು. ಎರಡು ವರ್ಷ ಕಳೆದ ಮೇಲೆ ಅದೇ ಸರ್ಕಾರ ತಿದ್ದುಪಡಿ ಹೊರಡಿಸಿತು: 80,000 ಅಲ್ಲ, 4,54,000. ಇಷ್ಟು ಕಡಿಮೆ ಅಂತರದ ಫಲಿತಾಂಶವನ್ನು ಇಷ್ಟು ದೊಡ್ಡ ತಪ್ಪು ತಿರುಗಿಸಿರಬಹುದು ಎಂದು 2019ರ ಏಪ್ರಿಲಿನಲ್ಲಿ ಫೆಡರಲ್ ನ್ಯಾಯಾಲಯ ಮತದಾನವನ್ನೇ ರದ್ದು ಮಾಡಿತು. ಒಕ್ಕೂಟದ ಮಟ್ಟದಲ್ಲಿ ಅದೇ ಮೊದಲು. ಮರುಮತದಾನವೇನೂ ಆಗಲಿಲ್ಲ, 2020ರಲ್ಲಿ ಸಮಿತಿಯೇ ಪ್ರಸ್ತಾವವನ್ನು ಹಿಂದಕ್ಕೆ ಪಡೆಯಿತು.

ಇದನ್ನು ನೆಚ್ಚಿಕೊಂಡು 2024ರಲ್ಲಿ ಇನ್ನೊಂದು ಅರ್ಜಿ ಬಂತು. ಮಹಿಳೆಯರ ಪಿಂಚಣಿ ವಯಸ್ಸನ್ನು ಏರಿಸಿದ 2022ರ ಮತದಾನದಲ್ಲಿ ಶೇ 50.5 ಮಂದಿಯಷ್ಟೇ ಒಪ್ಪಿದ್ದರು. ಪಿಂಚಣಿ ನಿಧಿಯ ಭವಿಷ್ಯದ ಲೆಕ್ಕ ತಪ್ಪಾಗಿತ್ತೆಂದು ಆಮೇಲೆ ಗೊತ್ತಾಯಿತು. ಈ ಬಾರಿ ನ್ಯಾಯಾಲಯ ರದ್ದು ಮಾಡಲಿಲ್ಲ. ದೂರು ಕೊಡುವ ಗಡುವೂ ಬಿಗಿಯಾದದ್ದು: ಲೋಪ ಗೊತ್ತಾದ ಮೂರು ದಿನದೊಳಗೆ, ತಡವೆಂದರೆ ಕ್ಯಾಂಟನ್ ಗೆಜೆಟ್ಟಿನಲ್ಲಿ ಫಲಿತಾಂಶ ಬಂದ ಮೂರು ದಿನದೊಳಗೆ, ಕ್ಯಾಂಟನ್ ಸರ್ಕಾರಕ್ಕೆ. ವರ್ಷಗಳ ಮೇಲೆ ಹೊರಬಂದ ಸತ್ಯಕ್ಕೆ ಅಪರೂಪಕ್ಕಷ್ಟೇ ಬಾಗಿಲು ತೆರೆಯುತ್ತದೆ.

ಪ್ರಶ್ನೆ: ಜನ ಏನು ಬೇಕಾದರೂ ತೀರ್ಮಾನಿಸಬಹುದೇ? ಅಲ್ಪಸಂಖ್ಯಾತರ ಗತಿ?

ಉತ್ತರ: ಬೇಲಿ ಇದೆ, ತಗ್ಗಿನದು. ಒಂದು ಪ್ರಸ್ತಾವದಲ್ಲಿ ಸಂಬಂಧವಿಲ್ಲದ ವಿಷಯಗಳನ್ನು ಬೆರೆಸಿದ್ದರೆ, ಜಾರಿಗೆ ತರುವುದು ಸಾಧ್ಯವೇ ಇಲ್ಲದಿದ್ದರೆ, ಚಿತ್ರಹಿಂಸೆ ನಿಷೇಧದಂಥ ಮೀರಲೇಬಾರದ ಅಂತರರಾಷ್ಟ್ರೀಯ ನಿಯಮಕ್ಕೆ ವಿರುದ್ಧವಿದ್ದರೆ ಸಂಸತ್ತು ಅದನ್ನು ಅಸಿಂಧು ಎನ್ನಬಹುದು. ಇಷ್ಟು ವರ್ಷದಲ್ಲಿ ಹಾಗೆ ಪೂರ್ತಿ ತಿರಸ್ಕರಿಸಿದವು ಬೆರಳೆಣಿಕೆಯಷ್ಟು. ಮಿನಾರ್ ಕಟ್ಟಬಾರದೆಂಬ ಪ್ರಸ್ತಾವ ಆ ಬೇಲಿ ದಾಟಿ ಬಂತು, 2009ರಲ್ಲಿ ಶೇ 57.5 ಮತ ಪಡೆದು ಸಂವಿಧಾನ ಸೇರಿತು. ಧರ್ಮ ಸ್ವಾತಂತ್ರ್ಯವನ್ನು ಕೊಡುವ ಅದೇ ಸಂವಿಧಾನ ಅದು. ಮಹಿಳೆಯರಿಗೆ ಮತದಾನದ ಹಕ್ಕು ಬೇಕೆ ಎಂದು ಕೇಳಿದ್ದೂ ಗಂಡಸರನ್ನೇ: 1959ರಲ್ಲಿ ಶೇ 66.9 ಮಂದಿ ಬೇಡವೆಂದರು, 1971ರ ಫೆಬ್ರುವರಿ 7ರಂದು ಶೇ 65.7 ಮಂದಿ ಒಪ್ಪಿದರು. ಅಪೆನ್‌ಜೆಲ್ ಇನ್ನರ್‌ರೋಡೆನ್ ತನ್ನ ಕ್ಯಾಂಟನ್ ಮಟ್ಟದಲ್ಲಿ ಆಮೇಲೂ ಒಪ್ಪಲಿಲ್ಲ. 1990ರಲ್ಲಿ ನ್ಯಾಯಾಲಯ ಆದೇಶಿಸಬೇಕಾಯಿತು. ಹಕ್ಕಿನ ಪ್ರಶ್ನೆಯನ್ನು ಹಕ್ಕು ಇರುವವರ ಮುಂದೆ ಮಾತ್ರ ಇಟ್ಟರೆ ಹೀಗಾಗುತ್ತದೆ. ಸ್ವಿಸ್ ಮಾದರಿಯನ್ನು ಹೊಗಳುವವರು ಈ ಪುಟವನ್ನು ಹಾರಿಸಬಾರದು.

ಗೆದ್ದ ಪ್ರಸ್ತಾವವೂ ಪೂರ್ತಿ ಜಾರಿಯಾಗುತ್ತದೆಂಬ ಭರವಸೆಯಿಲ್ಲ. ವಲಸೆಗೆ ವಾರ್ಷಿಕ ಮಿತಿ ಹಾಕಬೇಕೆಂಬ ವಿಧಿ 2014ರ ಫೆಬ್ರುವರಿ 9ರಂದು ಶೇ 50.3 ಮತದಿಂದ ಗೆದ್ದಿತು. ಯುರೋಪಿಯನ್ ಒಕ್ಕೂಟದ ಜೊತೆಗಿನ ಮುಕ್ತ ಸಂಚಾರ ಒಪ್ಪಂದಕ್ಕೆ ಅದು ಹೊಂದುತ್ತಿರಲಿಲ್ಲ. 2016ರ ಕೊನೆಯಲ್ಲಿ ಸಂಸತ್ತು ಮಾಡಿದ ಕಾನೂನಿನಲ್ಲಿ ಮಿತಿಯ ಸಂಖ್ಯೆಯೇ ಇರಲಿಲ್ಲ, ನಿರುದ್ಯೋಗ ಹೆಚ್ಚಿರುವ ಉದ್ಯೋಗಗಳಲ್ಲಿ ಒಳಗಿನವರಿಗೆ ಆದ್ಯತೆಯ ನಿಯಮವಷ್ಟೇ ಇತ್ತು. ಒಪ್ಪಂದವನ್ನೇ ಮುರಿಯಿರಿ ಎಂಬ ಮರುಪ್ರಸ್ತಾವವನ್ನು 2020ರಲ್ಲಿ ಶೇ 61.7 ಮಂದಿ ತಳ್ಳಿಹಾಕಿದರು.

ಪ್ರಶ್ನೆ: ಹಸುವಿನ ಕೊಂಬಿನ ಮೇಲೆ ಇಡೀ ದೇಶ ಮತ ಹಾಕಿತಂತೆ, ತಮಾಷೆಯೇ?

ಉತ್ತರ: ತಮಾಷೆಯಲ್ಲ, 2018ರ ನವೆಂಬರ್ 25. ಕೊಂಬು ತೆಗೆಯುವುದನ್ನು ನಿಷೇಧಿಸಿ ಎಂದು ಅವರು ಕೇಳಿರಲಿಲ್ಲ. ಕೊಂಬಿರುವ ಹಸುವಿಗೆ ಜಾಗ ಹೆಚ್ಚು ಬೇಕು, ಹಾಗಾಗಿ ಕೊಂಬು ಉಳಿಸಿಕೊಂಡ ಹಸು, ಮೇಕೆ ಸಾಕುವವರಿಗೆ ಸಹಾಯಧನ ಕೊಡಿ ಎಂದಿದ್ದರು. ಕೃಷಿ ಇಲಾಖೆಯ ಸುತ್ತೋಲೆಯೊಂದರಲ್ಲಿ ಮುಗಿಯಬಹುದಾದ ವಿಷಯ ಸಂವಿಧಾನದವರೆಗೆ ಹೋದದ್ದಕ್ಕೆ ಕಾರಣ, ಒಕ್ಕೂಟದ ಮಟ್ಟದಲ್ಲಿ ಜನಪ್ರಸ್ತಾವ ಸಂವಿಧಾನವನ್ನಷ್ಟೇ ತಿದ್ದಬಲ್ಲದು. ಸಾಮಾನ್ಯ ಕಾನೂನನ್ನು ಸೂಚಿಸುವ ದಾರಿ ಅದಕ್ಕಿಲ್ಲ. ಮನವಿ ಕೊಟ್ಟು ಸಾಕಾಗಿದ್ದ ರೈತನೊಬ್ಬ ಸಹಿ ಹಾಳೆ ಹಿಡಿದು ಹೊರಟ, 1,00,000 ದಾಟಿಸಿದ. ಶೇ 54.7 ಮಂದಿ ಬೇಡವೆಂದರು.